ನೆಲಕ್ಕಿಳಿದ ರಾಬೇಲ್

ಸಿಂಧ್‌ನ ಮಂಛರ್ ಕೆರೆಯಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡಿದ್ದ ಮೊಹಾಣಾ ಬೆಸ್ತರ ಹೆಣ್ಣು ರಾಬೇಲ್. ಹುಟ್ಟಿದ್ದು, ಮದುವೆಯಾಗಿದ್ದು, ಹೆಣ್ಣುಮಕ್ಕಳಿಬ್ಬರನ್ನು ಹೆತ್ತು ಗಂಡನ ಮನೆಗೆ ಕಳಿಸಿದ್ದು, ಎಲ್ಲವೂ ನೀರಿನ ಮೇಲೆಯೇ. ಮಳೆ ಕೈಕೊಡುತ್ತಾ ಹೋದಂತೆ ಬೆಟ್ಟದ ಹಳ್ಳಗಳು ಕೆರೆಗೆ ಇಳಿಯುವುದನ್ನು ಬಿಟ್ಟವು. ನೀರು ಉಪ್ಪಾಯಿತು. ಬಲೆಗೆ ಬೆರಳುದ್ದದ ಮೀನೂ ಅಪರೂಪವಾದಾಗ ಗಂಡ ಪೀರಲ್, ವಡೇರೋ ಎಂದು ಸುತ್ತಲಿನವರು ಕರೆಯುವ ಜಮೀನ್ದಾರನ ಮೀನುಕೊಳ ಕಾಯುವ ಕೆಲಸ ಹಿಡಿದ. ದೋಣಿಯನ್ನು ಕೆರೆಯಲ್ಲೇ ಉಳಿದ ಚಿಕ್ಕತ್ತೆ ಜಾನುಲ್‌ಗೆ ಒಪ್ಪಿಸಿ ಇಬ್ಬರೂ ನೆಲಕ್ಕಿಳಿದರು. ಅಲುಗದ ಮಂಚದ ಮೇಲೆ ರಾಬೇಲ್‌ಗೆ ಮೊದಮೊದಲು ನಿದ್ದೆ ಹತ್ತಲಿಲ್ಲ. ಆಮೇಲೆ ಹತ್ತಿತು.

ಆ ಬೇಸಿಗೆ ಬಿಸಿಲು ಹಿಂದೆಂದಿಗಿಂತ ಕ್ರೂರವಾಗಿತ್ತು. ಗಾಳಿಯಿಲ್ಲದ ಒಂದು ಬೆಳಿಗ್ಗೆ ಕೊಳದ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಕೊಳದ ತುಂಬ ಬಿಳಿ ಹೊಟ್ಟೆಗಳು.

"ತಾಯಿ ಹೊಟ್ಟೇಲಿದ್ದಾಗಲೇ ಮೀನು ಹಿಡಿಯೋ ಜಾತಿ ನಮ್ದು ಅಂತ ಕೊಚ್ಕೋತಿದ್ದೆಯಲ್ಲೋ!" ಎಂದು ವಡೇರೋ ಕೂಗಾಡಿದ.

"ಹಿಡಿಯೋದು ಗೊತ್ತು ಧಣಿ," ಎಂದ ಪೀರಲ್. "ಸಾಕೋದು ಗೊತ್ತಿಲ್ಲ."

ಗುಂಡಿ ತೋಡಿ ಹೂಳಿದರು. ರಾಬೇಲ್ ಬುಟ್ಟಿ ಬುಟ್ಟಿ ಹೊತ್ತು ಸುರಿದಳು. ಅಳು ಬರುತ್ತದೇನೋ ಎಂದು ಕಾದಳು, ಬರಲಿಲ್ಲ. ಕೈಯ ವಾಸನೆ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಕೆಲಸ ಹೋಯಿತು. ಗಂಟುಮೂಟೆಯೊಂದಿಗೆ ದಡಕ್ಕೆ ಬಂದವರನ್ನು ಕಂಡು ಜಾನುಲ್ ದೋಣಿಯೊಳಗಿಂದಲೇ ನಕ್ಕಳು. "ಬಂದ್ರಾ ನೆಲದ ದೊರೆಗಳು! ನಡೆಯೋದು ಕಲಿತ್ರೇನಮ್ಮಾ, ಇಲ್ಲಾ ತೆವಳ್ಕೊಂಡೇ ಬಂದ್ರಾ?"

"ನಡ್ಕೊಂಡೇ ಬಂದ್ವಿ ಚಾಚಿ," ಎಂದಳು ರಾಬೇಲ್. ನಗು ಅವಳಿಗೂ ಬರಬೇಕಿತ್ತು.

ಎಷ್ಟೋ ವರ್ಷ ಬಾರದಿದ್ದ ಮಳೆ ಆ ಭಾದ್ರಪದದಲ್ಲಿ ಒಟ್ಟಿಗೇ ಬಂತು. ಕೆರೆ ಉಕ್ಕಿತು, ಏರಿ ಒಡೆಯಿತು, ಹಳ್ಳಿಗಳು ಮುಳುಗಿದವು. ಮಾಳಿಗೆ ಹತ್ತಿ ಕೂತವರನ್ನು ಗಂಡಹೆಂಡಿರು ದೋಣಿಯಲ್ಲಿ ಎತ್ತರದ ರಸ್ತೆಗೆ ಸಾಗಿಸಿದರು. ಒಂದು ಸಲ ಹತ್ತಿದವರಲ್ಲಿ ವಡೇರೋ ಇದ್ದ, ಮಡಿಲಲ್ಲಿ ಮುದಿ ತಾಯಿ.

"ಕೊಳ ಎಲ್ಲಿ ಬಂತೋ ಪೀರಲ್?" ಎಂದ ಮೆಲ್ಲಗೆ.

"ಅದರ ಮೇಲೇ ಹೋಗ್ತಿದೀವಿ ಧಣಿ."

ವಡೇರೋ ಬಗ್ಗಿ ನೀರು ನೋಡಿದ. ರಾಬೇಲ್ ಜಲ್ಲೆ ಒತ್ತುತ್ತಲೇ ಇದ್ದಳು. ಸಿಟ್ಟಾಗಲಿ ಕನಿಕರವಾಗಲಿ ಏಳಲಿಲ್ಲ. ಮುದುಕಿ ನೆನೆಯುತ್ತಿದ್ದುದನ್ನು ಕಂಡು ತನ್ನ ಹಚ್ಚಡ ಹೊದಿಸಿದಳು, ಅಷ್ಟೇ.

ನೀರು ಸಿಹಿಯಾಯಿತು. ಮೀನಿಲ್ಲದೆ ಕಡಲಿನ ಕಡೆ ಹೋಗಿದ್ದ ಬೆಸ್ತರ ಕುಟುಂಬಗಳು ವಾಪಸಾದವು. ಚಳಿಗಾಲದಲ್ಲಿ ಮೀನು ಎಷ್ಟು ಬಿತ್ತೆಂದರೆ ಬಲೆ ಎಳೆಯಲು ನೆಂಟರಿಷ್ಟರೆಲ್ಲ ಬರಬೇಕಾಯಿತು. ಜಾನುಲ್ ಅಕ್ಕಿರೊಟ್ಟಿ ತಟ್ಟಿ, ಮೀನು ಹುರಿದು ಬಡಿಸಿದಳು.

"ಏನೇ, ಉಪ್ಪು ಕಮ್ಮಿನಾ? ಮುಖ ಹಾಗ್ಯಾಕೆ?"

"ಗೊತ್ತಾಗ್ತಿಲ್ಲ ಚಾಚಿ."

"ಮೀನು ತಿಂದೂ ರುಚಿ ಗೊತ್ತಾಗ್ತಿಲ್ಲ ಅಂದೋಳು ನಮ್ಮ ಕುಲದಲ್ಲಿ ನೀನೊಬ್ಬಳೇ!"

ಎಲ್ಲರೂ ನಕ್ಕರು. ರಾಬೇಲ್ ಇನ್ನೊಂದು ತುಂಡು ಹಾಕಿಸಿಕೊಂಡಳು.

ಮುಂದಿನೆರಡು ವರ್ಷ ಮತ್ತೆ ಮಳೆಯಿಲ್ಲ. ಕೆರೆ ಹಿಂದೆ ಸರಿಯಿತು, ಬಂದವರು ಬಂದ ದಾರಿಯಲ್ಲೇ ಹೊರಟರು. ಜಾನುಲ್ ತೀರಿಕೊಂಡಳು. ಪೀರಲ್ ಕಡಲ ದೋಣಿಗಳ ಕೆಲಸಕ್ಕೆ ಹೋಗುವಾಗ, "ನೀನೂ ಬಾ," ಎಂದ.

"ನೀನು ಹೋಗಿ ನೋಡು. ನಾನಿಲ್ಲೇ ಏನಾದ್ರೂ ಮಾಡ್ಕೋತೀನಿ."

ಈಗ ಅವಳು ಹೆದ್ದಾರಿಯ ಪಕ್ಕ ಚಪ್ಪರ ಹಾಕಿಕೊಂಡು ಮೀನು ಮಾರುತ್ತಾಳೆ. ಕರಾಚಿಯಿಂದ ಮಂಜುಗಡ್ಡೆಯಲ್ಲಿ ಬರುವ ಮೀನು. ಪೀರಲ್ ಆಗಾಗ ಬಂದು ಹೋಗುತ್ತಾನೆ. ಕಾರು ನಿಲ್ಲಿಸಿದವರು ಕೇಳುತ್ತಾರೆ, "ಮಂಛರ್ ಮೀನೇನಮ್ಮಾ?"

"ಹೂಂ," ಎನ್ನುತ್ತಾಳೆ ರಾಬೇಲ್, ಮೀನಿನ ಹುರುಪೆ ಹೆರೆಯುತ್ತಾ. "ಹೆಚ್ಚಿ ಕೊಡ್ಲಾ, ಇಡೀನೇ ಬೇಕಾ?"