ಮೀಟರಿಗಿಂತ ಮೊದಲು ಮಾರಿ

ಮರಾಠಿ ಸೀಮೆಯ ಕುರಕುಂಭದ ಕೆಮಿಕಲ್ ಫ್ಯಾಕ್ಟರಿಯಲ್ಲಿ ನಮ್ಮ ಶಿಫ್ಟ್ ಇನ್‌ಚಾರ್ಜ್ ಪಾಳಿ ಶುರುವಾದಾಗ ಒಬ್ಬೊಬ್ಬರ ಮುಂದೆ ನಿಂತು ಮುಖ ನೋಡುತ್ತಿದ್ದರು. "ಮೊದಲ ಮಾರಿ, ಆಮ್ಯಾಲೆ ಮೀಟರ್ರಿ," ಎನ್ನುತ್ತಿದ್ದರು. ನಮಗೆ ನಗು.

ತೊಂಬತ್ತರ ದಶಕದ ಒಂದು ಮಧ್ಯಾಹ್ನ ರಿಯಾಕ್ಟರಿನ ಉಷ್ಣತೆಯ ಸೂಜಿ ಕೆಂಪು ಗೆರೆಯತ್ತ ಏರತೊಡಗಿತು. "ಕೋಣೀ ಕೇಲಂ ಹೇ?" ಎಂದು ಮ್ಯಾನೇಜರ್ ಮರಾಠಿಯಲ್ಲಿ ಅರಚಿದ. ಯಾರು ಮಾಡಿದ್ದೆಂದು ನನಗೆ ಗೊತ್ತಿತ್ತು, ನಾನೇ. ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ.

ಇನ್‌ಚಾರ್ಜ್ ನನ್ನ ಮುಖ ನೋಡಿದರು. ಮ್ಯಾನೇಜರಿಗೆ ಬೆನ್ನು ಮಾಡಿ ನಿಂತು ಮೆಲ್ಲಗೆ ಅಂದರು: "ಯಾರು ಅಂತ ಕೇಳಂಗಿಲ್ರಿ. ಯಾವ ವಾಲ್ವ್ ಮುಚ್ಚ್ಯಾರ, ಅಷ್ಟ ಹೇಳ್ರಿ."

ನಾನು ತಪ್ಪಿ ಮುಚ್ಚಿದ್ದ, ರಿಯಾಕ್ಟರನ್ನು ತಂಪಾಗಿಡುವ ತಣ್ಣೀರಿನ ವಾಲ್ವ್ ತೋರಿಸಿದೆ. ಅವರೇ ಓಡಿ ತೆರೆದರು. ಸೂಜಿ ಇಳಿದ ಮೇಲೆ, ಪಾಳಿಯ ಲಾಗ್‌ಬುಕ್ಕಿನ ‘ತಪ್ಪು ಯಾರದು’ ಎಂಬ ಕಾಲಮ್ಮಿನಲ್ಲಿ ತಮ್ಮ ಹೆಸರು ಬರೆದರು.