ಜಾಗಟೆಯ ಪಿಎಚ್.ಡಿ.

‘ನಿಮ್ಮ ಕೋಲ್ಡ್ ಸ್ಟೋರೇಜ್‌ನ್ಯಾಗ ನನ್ನ ಒಣದ್ರಾಕ್ಷಿಗೆ ಒಂದೀಟು ಜಾಗಾ ಕೊಡಸವ್ವಾ.’

ಕಳೆದ ಭಾನುವಾರ ವಿಜಯಪುರದಿಂದ ಬಸ್ ಹತ್ತಿ ಹೊನವಾಡದ ಅಕ್ಕನ ಮನೆಗೆ ಹೋಗಿದ್ದೆ. ರಜೆಗೆ ಬಂದಿದ್ದ ಅಕ್ಕನ ಮಗಳು ಸುನಂದಾಗೆ, ತಿಕೋಟಾದ ನೆಂಟ ಮಲ್ಲಪ್ಪ ಕಾಕಾ ಹೀಗೊಂದು ಅರ್ಜಿ ಹಾಕಿದರು. ಹುಡುಗಿ ಕಕ್ಕಾಬಿಕ್ಕಿ. ಅವಳು ಪಿಎಚ್.ಡಿ. ಮಾಡುತ್ತಿರುವುದು ಫಿಸಿಕ್ಸ್‌ನಲ್ಲಿ! (ಕೋಲ್ಡ್ ಸ್ಟೋರೇಜ್‌ಗೆ ಪಿಎಚ್.ಡಿ. ಕೊಡುವುದಾದರೆ ದ್ರಾಕ್ಷಿ ಬೆಳೆಯುವ ನಮ್ಮ ಕಡೆ ಮನೆಗೊಬ್ಬ ಡಾಕ್ಟರ್ ಇರುತ್ತಿದ್ದ.)

‘ಯಾರ್ ಹೇಳಿದ್ರು ಕಾಕಾ?’

‘ನಿಮ್ಮಪ್ಪನ ಹೇಳ್ಯಾನಲ್ಲ ಬೇ.’

ಭಾವ ಬಾಗಿಲ ಕಡೆ ನೋಡತೊಡಗಿದರು. ಸುನಂದಾಳ ಮುಖ ಬಾಡಿತು. ಊರಿನವರು ಏನಾದರೂ ಅಂದುಕೊಳ್ಳಲಿ, ಅಪ್ಪನಿಗಾದರೂ ತನ್ನ ಕೆಲಸ ಗೊತ್ತಿರಬೇಕು ಎಂಬುದು ಅವಳ ಆಸೆ.

‘ಥಂಡಿಯೊಳಗ ಸಾಮಾನಿಟ್ಟು ನೋಡ್ತೀನಂತ ನೀನ ಹೇಳಿದ್ದೀಯಲ್ಲವ್ವಾ? ಮಂದಿ ಕೇಳಿದ್ರ ನಾ ಮತ್ತೇನ್ ಹೇಳ್ಲಿ?’ ಎಂದರು ಭಾವ.

ಅವಳು ಜಗಳವಾಡಲಿಲ್ಲ. ದೇವರ ಕೋಣೆಯಿಂದ ಜಾಗಟೆ ತಂದಳು. (‘ಹೊತ್ತಲ್ಲದ ಹೊತ್ತಿನ್ಯಾಗ ಜಾಗಟಿ ಯಾಕ ಬೇ?’ ಎಂದು ಅಕ್ಕನಿಗೆ ಗಾಬರಿ.) ದಾರ ಹಿಡಿದು ಒಂದೇ ಪೆಟ್ಟು ಕೊಟ್ಟಳು. ನಾದ ಬಹಳ ಹೊತ್ತು ನಿಂತಿತು.

‘ನನ್ನ ಕೆಲಸ ಇದ ನೋಡ್ ಯಪ್ಪಾ. ಹೊಡದ ಮ್ಯಾಲೆ ನಡುಕ ಎಷ್ಟೊತ್ತು ಇರತೈತಿ, ವಸ್ತು ಅದನ್ನ ಎಷ್ಟು ಲಗೂ ನುಂಗತೈತಿ, ಅದನ್ನ ಅಳೀತೀನಿ.’

ಇದೆಲ್ಲ ಯಾಕೆ ಬೇಕು? ಅದನ್ನೂ ಅವಳೇ ಬಿಡಿಸಿ ಹೇಳಿದಳು. ಎಲ್ಲೋ ದೂರದಲ್ಲಿ ಎರಡು ಕಪ್ಪುಕುಳಿಗಳು ಡಿಕ್ಕಿಯಾದರೆ ಆಕಾಶವೇ ಅಲುಗುತ್ತದಂತೆ. ಅದೇ ಗುರುತ್ವದ ಅಲೆ. ನಮ್ಮ ತನಕ ಬರುವಷ್ಟರಲ್ಲಿ ಅದು ತೀರಾ ಸೂಕ್ಷ್ಮ. ಕನ್ನಡಿಗಳ ನಡುವೆ ಬೆಳಕು ಓಡಿಸಿ ಅದನ್ನು ಹಿಡಿಯುತ್ತಾರೆ; ಆ ಕನ್ನಡಿ ತಾನೇ ಒಳಗೊಳಗೆ ನಡುಗುತ್ತಿದ್ದರೆ ಗತಿಯೇನು? ನಾದವನ್ನು ಬೇಗ ನುಂಗುವ ವಸ್ತುವಿನಲ್ಲೇ ಈ ಗದ್ದಲ ಜಾಸ್ತಿ. ತಣ್ಣಗೆ ಮಾಡಿದರೆ ಇಳಿಯಬೇಕು. ಆದರೆ ಬೆಚ್ಚಗಿದ್ದಾಗ ಸಂಭಾವಿತನಂತಿದ್ದ ಗಾಜು ವಿಪರೀತ ಥಂಡಿಯಲ್ಲಿ ಕೈಕೊಡುತ್ತದೆ, ಸಿಲಿಕಾನ್ ತಡೆದುಕೊಳ್ಳುತ್ತದೆ. ಇಂಥ ವಸ್ತುವನ್ನು ಹುಡುಕುತ್ತಿರುವವರಲ್ಲಿ ನಮ್ಮ ಹೊನವಾಡದ ಹುಡುಗಿಯೂ ಒಬ್ಬಳು. ಹೆಮ್ಮೆಯಾಗದೆ ಇರುತ್ತದೆಯೇ?

ಭಾವ ಎದ್ದು ಫ್ಯಾನ್ ಆಫ್ ಮಾಡಿದರು. ಜಾಗಟೆಯನ್ನು ತಾವೇ ಬಾರಿಸಿ, ಸದ್ದು ಪೂರ್ತಿ ಅಡಗುವ ತನಕ ಕಿವಿಗೊಟ್ಟು ನಿಂತರು.

‘ಮಲ್ಲಪ್ಪಾ, ನಾ ನಿನಗ ಹೇಳಿದ್ದು ಸುಳ್ಳು ನೋಡ್. ನನ್ನ ಮಗಳು ಆಕಾಶದ ನಡುಕ ಹಿಡಿಯೋ ಕನ್ನಡಿಗೆ ವಸ್ತು ಹುಡಕಾಕತ್ಯಾಳ. ತಿಳೀಲಿಲ್ಲಂದ್ರ ಆಕೀನ್ನ ಕೇಳು.’

‘ಇನ್ನೊಮ್ಮೆ ಬಾರಸವ್ವಾ, ನಾನೂ ಕೇಳ್ತೀನಿ’ ಎಂದರು ಕಾಕಾ.

ಸುನಂದಾ ಕಣ್ಣೊರೆಸಿಕೊಂಡು ನಕ್ಕಳು. ಭಾವ ಬೀಗುತ್ತಿದ್ದರು, ನಾನೂ.

ಅಲ್ಲ, ಮಗನ ಕೆಲಸ ತಿಳಿಯದಿದ್ದರೆ ‘ಏನೋ ದೊಡ್ಡದು’ ಅನ್ನುವ ನಾವು, ಮಗಳದು ತಿಳಿಯದಿದ್ದರೆ ಅದನ್ನೇಕೆ ಚಿಕ್ಕದು ಮಾಡಿ ಹೇಳುತ್ತೇವೆ?