ತಮ್ಮ ಜೋಡಿಸಿದ ಬ್ರೇಕು

ಸಂಶಯ ನನ್ನ ಹುಟ್ಟುಗುಣ. ಹಾಲಿನವನ ಅಳತೆಯನ್ನೂ ನಂಬುವವಳಲ್ಲ. ನಂಬಿದ್ದು ನನ್ನ ತಮ್ಮನೊಬ್ಬನನ್ನೇ. ಹಳಿಯಾಳದಲ್ಲಿ ಅವನದೊಂದು ಗ್ಯಾರೇಜಿದೆ. ತವರೆಂದು ನನಗೆ ಉಳಿದವನೂ ಅವನೊಬ್ಬನೇ.

ಪಾಳಾ ಊರಿನ ನಮ್ಮ ಮನೆಯಲ್ಲಿ ಮಾವನವರ ಕಾಲದ ಅಂಬಾಸಿಡರ್ ಕಾರಿದೆ. ಅದರ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಹಾಕಿಸುವ ಹುಚ್ಚು ನನ್ನ ಗಂಡನಿಗೆ ಹತ್ತಿತು. ತಮ್ಮ ಹಿಂದಿನ ದಿನವೇ ಬಂದು ಉಳಿದು, ಬೆಳಿಗ್ಗೆ ಅಂಗಳದಲ್ಲೇ ಜೋಡಿಸಿದ. ಪೆಡಲ್ ತುಳಿದರೆ ನಾದಿದ ಕಣಕದ ಹಾಗೆ ಮೆತ್ತಗೆ ಒಳಗೆ ಹೋಯಿತು.

“ಆಯಿಲ್‌ನ್ಯಾಗ ಗಾಳಿ ಕುಂತೈತಿ ಅಕ್ಕಾ,” ಎಂದ. ನಾನು ಒಳಗೆ ಕೂತು ಪೆಡಲ್ ತುಳಿದು ಹಿಡಿಯುವುದು, ಅವನು ಗಾಲಿಯ ಬಳಿ ಬ್ರೇಕಿನ ನಿಪ್ಪಲ್ ಎಂಬ ಸಣ್ಣ ತಿರುಪು ಸಡಿಲಿಸಿ ಆಯಿಲ್‌ನೊಳಗಿನ ಗಾಳಿ ಬಿಡುವುದು. ಮಧ್ಯಾಹ್ನದವರೆಗೆ ಇದೇ ನಡೆಯಿತು. ನನ್ನ ಕಾಲು ಸೋತಿತೇ ಹೊರತು ಪೆಡಲ್ ಗಟ್ಟಿಯಾಗಲಿಲ್ಲ.

ಕಟ್ಟೆಯ ಮೇಲಿದ್ದ ನನ್ನವರು ಬೆಳಗಿನಿಂದ ಕುಟುಕುತ್ತಲೇ ಇದ್ದರು. ಈಗ ತಮ್ಮನಿಗೆ ಕೇಳುವಂತೆಯೇ ನನಗೆ ಹೇಳಿದರು: “ನಿನ್ನ ತಮ್ಮ ನಾ ತಂದ ಹೊಸಾ ಸಾಮಾನು ಇಟಗೊಂಡು ಹಳೇದು ಹಾಕ್ಯಾನೇನ ನೋಡು.”

ತಮ್ಮ ನಟ್ಟು ತಿರುವುವ ಪಾನಾ ಕೆಳಗಿಟ್ಟ. “ಮಾಮಾ, ನಂಬಿಕಿ ಇಲ್ಲಂದ್ರ ಬ್ಯಾರೆ ಕಡೆ ತೋರಸ್ರಿ. ನಾ ಇನ್ನ ಈ ಮನಿಗೆ ಬರೂದಿಲ್ಲ.”

ಕಾರಿನಿಂದ ಇಳಿದು ಗಾಲಿಯ ಬಳಿ ಕುಕ್ಕರಿಸಿದೆ. ಆಯಿಲ್ ಬಾಟಲಿ, ಸಾಮಾನು ಕೊಟ್ಟ ಅಂಗಡಿ, ಕೊಂಡು ತಂದ ಗಂಡ, ಯಾರ ಮೇಲೂ ನನಗೆ ನಂಬಿಕೆಯಿರಲಿಲ್ಲ. ಎಸರಿನ ಗುಳ್ಳೆಯೂ ಮೇಲಕ್ಕೇ ಏರುತ್ತದೆ. “ಗಾಳಿ ಮ್ಯಾಲ ಇರತೈತಿ. ನಿಪ್ಪಲ್ ಯಾಕ ಬುಡಕ ಐತಿ?” ಎಂದು ಕೇಳಿದೆ.

ತಮ್ಮ ಬಗ್ಗಿ ನೋಡಿದ, ಇನ್ನೊಂದು ಬದಿಗೂ ಹೋಗಿ ನೋಡಿದ. “ಎಡಗಾಲಿ ಬ್ರೇಕ ಬಲಕ್ಕ, ಬಲದ್ದು ಎಡಕ್ಕ ಕುಂತಾವು, ಅದಕ್ಕ ನಿಪ್ಪಲ್ ಬುಡಕ ಬಂದೈತಿ,” ಎಂದು ಪಿಸುಗುಟ್ಟಿದ. “ನಾ ನಿನ್ನೆ ಚಾಕ್‌ಪೀಸಿಲೆ ಎಡಾ, ಬಲಾ ಅಂತ ಬರ್ದಿಟ್ಟಿದ್ನೆಲ್ಲ?”

ಬರೆದಿದ್ದ, ನಾನೇ ನೋಡಿದ್ದೆ. ಆದರೆ ಅಂದು ಅಮಾವಾಸ್ಯೆ, ಗಾಡಿಪೂಜೆಯ ದಿನ. ಬೆಳಿಗ್ಗೆ ಅತ್ತೆ ಹೊಸ ಸಾಮಾನನ್ನೆಲ್ಲ ಚಾಕಿನ ಗುರುತೂ ಹೋಗುವಂತೆ ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ, ತಮಗೆ ಚಂದ ಕಂಡಂತೆ ಮಣೆಯ ಮೇಲೆ ಇಟ್ಟಿದ್ದರು. ನನ್ನವರ ಕುಟುಕುಮಾತಿನ ಸಿಟ್ಟಿನಲ್ಲಿ ನನ್ನ ತಮ್ಮ ಸರಿಯಾಗಿ ನೋಡದೆ ಮಣೆಯ ಎಡಕ್ಕಿದ್ದದ್ದನ್ನು ಕಾರಿನ ಎಡಕ್ಕೇ ಹಾಕಿದ್ದ.

ಅದಲು ಬದಲು ಮಾಡಿ ಗಾಳಿ ತೆಗೆದದ್ದೇ ತಡ, ಪೆಡಲ್ ಗಟ್ಟಿಯಾಯಿತು. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. “ಏನಾಗಿತ್ತೋ ತಮ್ಮಾ?”

ನಾನು ಬಾಯಿ ತೆರೆಯುವ ಮೊದಲೇ ಅವನು, “ನಂದ ತಪ್ಪ ರೀ ಅತ್ತಿ, ಉಲ್ಟಾ ಹಾಕಿದ್ದೆ,” ಎಂದುಬಿಟ್ಟ.

“ನಾ ಹೇಳಿದ್ನೆಲ್ಲ,” ಎಂದರು ನನ್ನವರು. ಹಾಗೆನ್ನುವಾಗ ಅವರು ನೋಡುತ್ತಿದ್ದದ್ದು ತಮ್ಮನನ್ನಲ್ಲ, ಪೂಜೆಯ ಮಣೆಯನ್ನು. ನನಗೆ ಮೈಯೆಲ್ಲ ಉರಿಯಿತು.

ತಮ್ಮ ಈಗಲೂ ಮನೆಗೆ ಬರುತ್ತಾನೆ. ಅಂದು ಮಣೆಯ ಮೇಲೆ ಸಾಮಾನು ಅದಲು ಬದಲಾದದ್ದು ನನ್ನವರಿಗೂ ತಿಳಿದಿತ್ತೆ ಎಂದು ಕೇಳಲು ಎಷ್ಟೋ ಸಲ ಬಾಯಿಗೆ ಬರುತ್ತದೆ. ಕೇಳುವುದಿಲ್ಲ. ಅತ್ತೆಯ ತಪ್ಪನ್ನು ತಮ್ಮ ತನ್ನ ತಲೆಗೆ ಕಟ್ಟಿಕೊಂಡದ್ದು ನಾನು ಈ ಮನೆಯಲ್ಲಿ ಬಾಳಲೆಂದು.